ಸರ್ವರ್ ಡೌನ್ ಇರ್ಲಿಲ್ಲ, ಗ್ರಾಚಾರ ನಮ್ಮ ಅಂಗಡೀಲೇ ಇತ್ತು

ಸಂಪಾದಕರಿಗೆ ನಮಸ್ಕಾರ,

ಮಂಡ್ಯದಲ್ಲಿ ಚಿಕ್ಕದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಕೊಂಡಿದೀನಿ, ಆನ್‌ಲೈನ್ ಅರ್ಜಿನೂ ಹಾಕ್ಕೊಡ್ತೀನಿ. ಹೋದ ತಿಂಗಳು ಹಳ್ಳಿ ಕಡೆಯಿಂದ ಒಬ್ಬ ಅಮ್ಮ ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಅಂತ ಮೂರು ಸಲ ಬಂದ್ರು. ಮೂರು ಸಲಾನೂ ನಾನು ಹೇಳಿದ್ದು ಒಂದೇ ಮಾತು, ಸರ್ವರ್ ಡೌನ್ ಐತೆ ಕಣಮ್ಮ ನಾಳೆ ಬನ್ನಿ. ಬಸ್ಸೇನೋ ಈಗ ಹೆಂಗಸರಿಗೆ ಫ್ರೀ, ಆದ್ರೆ ಮೂರು ದಿನದ ಕೂಲಿ ಹೋಯ್ತಲ್ಲ. ಆಮೇಲೆ ಗೊತ್ತಾಯ್ತು ಸರ್ವರ್ ಚೆನ್ನಾಗೇ ಇತ್ತು, ಕೆಟ್ಟಿದ್ದು ನನ್ನ ಟೇಬಲ್ ಮೇಲಿನ ಹಳೇ ಡೆಸ್ಕ್‌ಟಾಪು ಅಂತ. ನನ್ನಂಥ ಅಂಗಡಿ ಊರೂರಲ್ಲೂ ಇರೋದ್ರಿಂದ ಈ ಕಾಗ್ದ ಬರೀತಾ ಇದೀನಿ.

ಕಂಪ್ಲೇಂಟ್ ಏನಪ್ಪಾ ಅಂದ್ರೆ, ವೆಬ್‌ಸೈಟೆಲ್ಲಾ ಓಪನ್ ಆಗ್ತದೆ, ಸಣ್ಣ ಫೋಟೋ ಹೋಗ್ತದೆ, ಆದ್ರೆ ಸ್ಕ್ಯಾನ್ ಮಾಡಿದ ನಾಲ್ಕೈದು ಎಂಬಿ ಪಿಡಿಎಫ್ ಹಾಕಿದ್ರೆ ಚಕ್ರ ಸುತ್ತಿ ಸುತ್ತಿ ಕೊನೆಗೆ ಟೈಮ್‌ಔಟ್. ನೆಟ್ ಕೊಟ್ಟೋರಿಗೆ ಫೋನ್ ಮಾಡಿದೆ, ಲೈನಿನ ಹುಡುಗ ಬಂದ, ಜೇಬಿಂದ ಮೊಬೈಲ್ ತೆಗೆದು ವೈಫೈಲಿ ಸ್ಪೀಡ್ ತೋರಿಸಿದ, 'ನೂರೈವತ್ತು ಬರ್ತಾ ಐತೆ ನೋಡಿ ಮೇಡಂ, ನಿಮ್ ಸಿಸ್ಟಮ್ಮೇ ಹಳೇದು' ಅಂದು ಹೊರಟೇ ಹೋದ. ಅದಕ್ಕೂ ಮುಂಚೆ ಇದೇ ಕಷ್ಟ ಹೇಳ್ಕೊಂಡಾಗ ಇದ್ದ 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ಪ್ಲಾನನ್ನ 200ಕ್ಕೆ ಏರಿಸ್ಬುಟ್ಟಿದ್ರು. ಕಂಪ್ಯೂಟರ್ ಅಂಗಡಿಯೋರು ಹೊಸ ಸಿಸ್ಟಂ ತಗೊಳಿ ಅಂದ್ರು. ತಗೋಬೋದು ಸಾರ್, ಆದ್ರೆ ಇದ್ರಲ್ಲಿ ವರ್ಷಗಟ್ಲೆಯ 'ನುಡಿ' (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಫೈಲು ತುಂಬವೆ, ಎಲ್ಲಾ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು, ಆ ಫಾಂಟಿಲ್ದಿರೋ ಕಡೆ ತೆಗೆದ್ರೆ ಇಂಗ್ಲಿಷ್ ಅಕ್ಷರ ಎರಚಿದಂಗೆ ಕಾಣ್ತದೆ. ಲಾಯರ್‌ಗಳ ಕ್ಲರ್ಕುಗಳು 'ಅಕ್ಕಾ ಆ ಕ್ರಯಪತ್ರ ತೆಗಿ' ಅಂತ ಇವತ್ತಿಗೂ ಬರ್ತಾರೆ.

ಪಕ್ಕದ ಮನೆ ಹುಡುಗ ಒಬ್ಬ ಪಾಲಿಟೆಕ್ನಿಕ್ ಓದ್ತಾನೆ, ಒಂದು ಸಂಜೆ ಸುಮ್ನೆ ಬಂದವನು ನೋಡ್ತೀನಿ ಅಂತ ಕೂತ. ಅವನು ಮಾಡಿದ ಮೊದಲ ಕೆಲ್ಸ ನಂಗಿಷ್ಟ ಆಯ್ತು, ಇಂಟರ್ನೆಟ್ ಗೊಡವೇಗೇ ಹೋಗ್ಲಿಲ್ಲ. ನನ್ನ ಲ್ಯಾಪ್‌ಟಾಪಿಗೂ ವೈರ್ ಹಾಕಿ ಅದೇ ರೂಟರಿಗೆ ಚುಚ್ಚಿ, ಡೆಸ್ಕ್‌ಟಾಪಿಂದ ಅದಕ್ಕೆ ಒಂದು 500 ಎಂಬಿ ಫೋಲ್ಡರ್ ಕಾಪಿ ಕೊಟ್ಟ. ಕಂಪ್ಯೂಟ್ರಿಗೆ ವೈರ್ ಚುಚ್ಚೋ ನೆಟ್‌ವರ್ಕ್ ಕಾರ್ಡು ಹಳೇ 100 ಎಂಬಿಪಿಎಸ್‌ದಾದ್ರೂ ಸೆಕೆಂಡಿಗೆ ಹತ್ತು ಹನ್ನೊಂದು ಎಂಬಿ ಹೋಗ್ಬೇಕಂತೆ (ಎಂಟು ಮೆಗಾಬಿಟ್ ಸೇರಿದ್ರೆ ಒಂದು ಎಂಬಿ), ಅಂದ್ರೆ ಮುಕ್ಕಾಲು ನಿಮಿಷದ ಕೆಲ್ಸ. ಅರ್ಧ ಗಂಟೆ ತೋರಿಸ್ತು! 'ಅಕ್ಕಾ, ತೊಂದ್ರೆ ಅಂಗಡಿ ಬಾಗಿಲು ದಾಟೇ ಇಲ್ಲ' ಅಂದ. ಅಲ್ಲಿಗೆ ಕಂಪನೀನೂ ಸರ್ವರೂ ಎರಡೂ ಬಚಾವಾದ್ವು, ನಾನೊಬ್ಳು ಸಿಕ್ಕಾಕೊಂಡೆ.

ವೈರ್ ಬದ್ಲಾಯಿಸಿದ, ರೂಟರಲ್ಲಿ ಬೇರೆ ಪೋರ್ಟಿಗೆ ಹಾಕಿದ, ಅದೇ ಹಾಡು. ಆಮೇಲೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ನೆಟ್‌ವರ್ಕ್ ಅಡಾಪ್ಟರ್ ಪ್ರಾಪರ್ಟೀಸ್, ಅಲ್ಲಿ ಅಡ್ವಾನ್ಸ್ಡ್, ಅದ್ರಲ್ಲಿ ಸ್ಪೀಡ್ ಅಂಡ್ ಡೂಪ್ಲೆಕ್ಸ್ ಅಂತ ಒಂದು ಸಾಲು ತೋರಿಸಿದ. ಅದು '100 ಎಂಬಿಪಿಎಸ್ ಫುಲ್ ಡೂಪ್ಲೆಕ್ಸ್' ಅಂತ ಇತ್ತು. ಯಾವ ಕಾಲದಲ್ಲೋ ಯಾರೋ ಮೆಕ್ಯಾನಿಕ್ಕು ಫಿಕ್ಸ್ ಮಾಡಿದ್ರೆ ಸ್ಪೀಡ್ ಜಾಸ್ತಿ ಅಂತ ಹಾಗೆ ಕೂರಿಸಿರ್ಬೇಕು.

ಇದ್ರಲ್ಲೇನು ತಪ್ಪು, ಫುಲ್ ಅಂದ್ರೆ ಒಳ್ಳೇದೇ ಅಲ್ವಾ ಅಂದೆ. ಅವನು ಹೇಳಿದ್ದನ್ನ ನಂಗೆ ಅರ್ಥ ಆದಂಗೆ ಹೇಳ್ತೀನಿ. ಕಬ್ಬು ಕಡಿಯೋ ಕಾಲದಲ್ಲಿ ನಾಲೆ ಮೇಲಿನ ಕಿರಿದಾದ ಸೇತುವೆ ನೋಡಿದೀರಲ್ಲ, ಒಂದು ಟ್ರ್ಯಾಕ್ಟರ್ ದಾಟೋವರ್ಗೂ ಎದುರಿನೋನು ನಿಂತ್ಕೋಬೇಕು. ಅದು ಹಾಫ್ ಡೂಪ್ಲೆಕ್ಸ್. ಫುಲ್ ಅಂದ್ರೆ ಎರಡು ಕಡೆಗೂ ಬೇರೆ ಬೇರೆ ದಾರಿ. ಕಂಪ್ಯೂಟ್ರು ಮತ್ತೆ ರೂಟರ್ ವೈರ್ ಹಾಕಿದ ತಕ್ಷಣ ತಾವೇ ಮಾತಾಡ್ಕೊಂಡು ಹೆಂಗೆ ಹೋಗೋದು ಅಂತ ತೀರ್ಮಾನ ಮಾಡ್ತವೆ, ಆಟೋ ನೆಗೋಷಿಯೇಷನ್ ಅಂದ್ರೆ ಅದೇ. ಕಂಪ್ಯೂಟ್ರು ಕಡೆ ಫಿಕ್ಸ್ ಮಾಡಿಟ್ರೆ ಅದು ಮಾತೇ ಆಡಲ್ಲ, ಆಗ ರೂಟರು ಸ್ಪೀಡೇನೋ ಕಂಡ್ಕೊಳ್ತದೆ, ಡೂಪ್ಲೆಕ್ಸ್ ಗೊತ್ತಾಗ್ದೆ ಹಾಫ್ ಅಂತ ಅನ್ಕೊಳ್ತದೆ. ಈಗ ನೋಡಿ ಮಜಾ, ರೂಟರು ಸೇತುವೆ ಖಾಲಿ ಆಗ್ಲಿ ಅಂತ ಕಾಯ್ತದೆ, ನನ್ನ ಕಂಪ್ಯೂಟ್ರು ಡಬಲ್ ರೋಡು ಅಂತ ನುಗ್ತದೆ, ಢಿಕ್ಕಿ. ಬಿದ್ದಿದ್ದನ್ನೆಲ್ಲಾ ಮತ್ತೆ ಮತ್ತೆ ಕಳಿಸ್ಬೇಕು. ಒಂದೊಂದೇ ಗಾಡಿ ಇದ್ದಾಗ ಹೆಂಗೋ ದಾಟ್ತಾವೆ, ಅದಕ್ಕೇ ಪೇಜ್ ಓಪನ್ ಆಗೋದು, ಲೋಡ್ ಜಾಸ್ತಿ ಆದ್ರೆ ಜಾಮ್.

ಆಟೋ ನೆಗೋಷಿಯೇಷನ್‌ಗೆ ಹಾಕಿದ, ಓಕೆ ಒತ್ತಿದ, ಅಷ್ಟೇ. ಅದೇ ಫೋಲ್ಡರ್ ಒಂದು ನಿಮಿಷದೊಳಗೆ ಹೋಯ್ತು. ಒಂದು ರೂಪಾಯಿ ಖರ್ಚಿಲ್ಲ. ಇಷ್ಟು ವರ್ಷ ಯಾಕೆ ಗೊತ್ತಾಗ್ಲಿಲ್ಲ ಅಂದ್ರೆ ಮುಂಚೆ ನಮ್ಗೆ ಬರ್ತಿದ್ದ ನೆಟ್ಟೇ ಎರಡು ಎಂಬಿಪಿಎಸ್ಸು, ಸೋರೋ ಬಿಂದಿಗೇಲಿ ಸೋರಿಕೆ ಕಾಣಕ್ಕೆ ಮೊದ್ಲು ನೀರಾದ್ರೂ ಬೇಕಲ್ಲ.

ಆದ್ರೂ ಸ್ಪೀಡ್ ಟೆಸ್ಟಲ್ಲಿ 94ರ ಮೇಲೆ ಹೋಗ್ಲಿಲ್ಲ, ಯಾಕಂದ್ರೆ ಆ ಕಾರ್ಡೇ ನೂರರದ್ದು. ಅಂದ್ರೆ ಒಂದೇ ಡೆಸ್ಕ್‌ಟಾಪು, ವೈರಲ್ಲಿ ಕೆಲ್ಸ ಅಂತ ಹೇಳಿದ್ರೂ ನಂಗೆ 200ರ ಪ್ಲಾನ್ ಮಾರಿದ್ದು ಯಾವ ನ್ಯಾಯ? ಗಿಗಾಬಿಟ್ (ಸಾವಿರ ಎಂಬಿಪಿಎಸ್) ಕಾರ್ಡ್ ಹಾಕ್ಸಿದೆ, ಸಾವಿರ ಚಿಲ್ರೆ ಆಯ್ತು, ಹಾಕಿದ್ಮೇಲೂ ನೂರೇ ತೋರಿಸ್ತು. ಗೋಡೆ ಒಳಗಿಂದ ಬಂದ ವೈರಿನ ಪ್ಲಗ್ ಬಿಚ್ಚಿದ್ರೆ ಎಂಟು ಎಳೇಲಿ ನಾಲ್ಕೇ ಜೋಡ್ಸಿದ್ರು ಪುಣ್ಯಾತ್ಮರು, ನೂರಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಎಂಟೂ ಎಳೆ ಸೇರ್ಸಿ ಹೊಸ ಪ್ಲಗ್ ಒತ್ತಿ ಕೂರಿಸಿದ್ಮೇಲೆ ಸರಿಹೋಯ್ತು. ನಿಮ್ದೂ ನೋಡ್ಕೊಳಿ, ವಿಂಡೋಸ್‌ನಲ್ಲಿ ರನ್‌ಗೆ ಹೋಗಿ ಎನ್‌ಸಿಪಿಎ ಡಾಟ್ ಸಿಪಿಎಲ್ (ncpa.cpl) ಅಂತ ಇಂಗ್ಲಿಷಲ್ಲಿ ಹೊಡೆದು ಈಥರ್ನೆಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿದ್ರೆ ಸ್ಪೀಡ್ ಅಂತ ಬರ್ತದೆ, ಅದು ನಿಮ್ಮ ಪ್ಲಾನಿಗಿಂತ ಕಮ್ಮಿ ಇದ್ರೆ ಪ್ಲಾನ್ ಏರಿಸಿ ಏನೂ ಉಪಯೋಗ ಇಲ್ಲ. ಕೆಲವು ರೂಟರಿನ ವೈರ್ ಪೋರ್ಟೂ ನೂರರದ್ದೇ ಇರ್ತದೆ, ಅದನ್ನೂ ಕೇಳಿ.

ನೆಟ್ ಕೊಡೋ ಕಂಪನಿಗಳನ್ನ ನಾನು ಕೇಳೋದು ಇಷ್ಟೇ. ಮೊಬೈಲಲ್ಲಿ ತೋರಿಸಿ ಹೋಗ್ಬೇಡಿ. ಗಿರಾಕಿ ಯಾವ ಮಿಷನ್ನಲ್ಲಿ ಕೆಲ್ಸ ಮಾಡ್ತಾನೋ ಅದ್ರಲ್ಲೇ, ವೈರಲ್ಲೇ ಟೆಸ್ಟ್ ಮಾಡಿ, ಬಂದ ಸ್ಪೀಡನ್ನ ರಸೀದಿ ಮೇಲೆ ಬರೆದು ಸೈನ್ ಹಾಕಿ.

ಆ ಅಮ್ಮನ ಅರ್ಜಿ ಹಾಕಿದೆ, ದುಡ್ಡು ತಗೊಳ್ಳಿಲ್ಲ. 'ಸರ್ವರ್ ಸರಿಹೋಯ್ತೇನವ್ವ?' ಅಂದ್ರು, ಹೂಂ ಅಂದೆ, ನಿಜ ಹೇಳಕ್ಕೆ ಬಾಯಿ ಬರ್ಲಿಲ್ಲ.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವಳು, ಮಂಡ್ಯ