ಸಲೈನ್ ಡಬ್ಬಿಗೆ ಫಾರ್ಮಲಿನ್ ಸುರಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ರೋಗನಿರ್ಣಯ ಪ್ರಯೋಗಾಲಯ, ಕಲಬುರಗಿ

ವಿಷಯ: ನನ್ನ ತಂಗಿಯ ಕುತ್ತಿಗೆಯ ಗಡ್ಡೆಯ ಮಾದರಿಯನ್ನು ಕೆಡಿಸಿ, ವೈದ್ಯರು ಕೋರಿದ ಪರೀಕ್ಷೆ ಮಾಡದಿರುವ ಕುರಿತು.

ಮಾನ್ಯರೇ,

ನಿಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದ ಮೇಲೆ, ಎರಡು ಸಲ ಶಹಾಪುರದಿಂದ ಬಸ್ಸಿನಲ್ಲಿ ಬಂದು ಬರಿಗೈಯಲ್ಲಿ ಹಿಂತಿರುಗಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಶಸ್ತ್ರಚಿಕಿತ್ಸಕರು ತೆಗೆದ ಗಡ್ಡೆಯನ್ನು ಎರಡು ತುಂಡು ಮಾಡಿ ಎರಡು ಡಬ್ಬಿಗಳಲ್ಲಿ ಹಾಕಿಕೊಟ್ಟಿದ್ದರು. ಫಾರ್ಮಲಿನ್ ಎಂಬ, ಮಾದರಿ ಕೊಳೆಯದಂತೆ ಕಾಯುವ ದ್ರಾವಣದಲ್ಲಿದ್ದ ತುಂಡು ಬಯಾಪ್ಸಿಗೆ, ಸಲೈನ್ ಎಂಬ ಉಪ್ಪುನೀರಿನಲ್ಲಿದ್ದ ತುಂಡು ಕ್ಷಯರೋಗದ ಜೀನ್‌ಎಕ್ಸ್‌ಪರ್ಟ್ (ರೋಗಾಣುವಿನ ಡಿಎನ್‌ಎ ಹುಡುಕುವ) ಮತ್ತು ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ) ಪರೀಕ್ಷೆಗೆ. ಫಾರ್ಮಲಿನ್ ತಗುಲಿದರೆ ಕ್ಷಯದ ರೋಗಾಣು ಸಾಯುತ್ತದೆ, ಆಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ ಎಂಬುದು ನಿಮ್ಮ ವೃತ್ತಿಯ ಮೊದಲ ಪಾಠಗಳಲ್ಲಿ ಒಂದು. ಅದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೂ ವೈದ್ಯರು ಎರಡನೆಯ ಡಬ್ಬಿಯ ಮೇಲೆ ‘ಫಾರ್ಮಲಿನ್ ಹಾಕಬೇಡಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಕೋರಿಕೆಯ ಫಾರಂನಲ್ಲಿಯೂ ಅದೇ ಮಾತಿದೆ. ಅದರ ಝೆರಾಕ್ಸ್ ಪ್ರತಿ ನನ್ನ ಬಳಿ ಇದೆ.

ಡಬ್ಬಿಗಳನ್ನು ತಂದವನು ನಾನೇ. ನಿಮ್ಮ ಹುಡುಗ ನನ್ನ ಕಣ್ಣೆದುರಿಗೇ ಎರಡನೆಯ ಡಬ್ಬಿಯ ಮುಚ್ಚಳ ತಿರುಗಿಸಿ, ಬಿಳಿ ಕ್ಯಾನ್‌ನಿಂದ ಫಾರ್ಮಲಿನ್ ಸುರಿದ. ಅದರ ಘಾಟಿಗೆ ಕಣ್ಣು ಉರಿಯಿತು. ಹಾಕಬಾರದೆಂದು ಬರೆದಿದೆಯಲ್ಲ ಎಂದೆ. “ನಮ್ಗ ಗೊತ್ತದರಿ, ಇಲ್ಲಾಂದ್ರ ಕೊಳೀತದ” ಎಂದು ಮುಚ್ಚಳ ಬಿಗಿದ. ಆಗಲೇ ಗಟ್ಟಿಯಾಗಿ ತಡೆಯಲಿಲ್ಲವೆಂಬ ಸಂಕಟ ನನಗೆ ಇಂದಿಗೂ ಇದೆ.

ಬಯಾಪ್ಸಿ ವರದಿಯಲ್ಲಿ ಕ್ಷಯದ ಲಕ್ಷಣವಿದೆ ಎಂದು ಬರೆದು, ಖಚಿತಪಡಿಸಿಕೊಳ್ಳಲು ಕಲ್ಚರ್ ಮಾಡಿಸಿರಿ ಎಂದು ಕೆಳಗೆ ನಿಮ್ಮವರೇ ಸಲಹೆ ಕೊಟ್ಟಿದ್ದಾರೆ. ಕಲ್ಚರ್‌ಗೆಂದೇ ಕೊಟ್ಟ ತುಂಡು ನಿಮ್ಮಲ್ಲೇ ಇತ್ತು, ಅದರ ಹಣವನ್ನೂ ಪಡೆದಿದ್ದೀರಿ.

ಇದನ್ನು ಕೇಳಲು ತಂಗಿಯೊಂದಿಗೆ ಬಂದ ದಿನ ಕೌಂಟರಿನಲ್ಲಿ ನಡೆದದ್ದನ್ನು ಮರೆಯಲು ಆಗುತ್ತಿಲ್ಲ. ಕೂತಿದ್ದ ಸಿಬ್ಬಂದಿ ಮೊದಲು “ಡಾಕ್ಟರ್ ಬರೆದೇ ಇಲ್ಲ” ಎಂದರು. ಝೆರಾಕ್ಸ್ ತೋರಿಸಿದೆ. “ಸ್ಯಾಂಪಲ್ ಸಾಲ್ಲಿಲ್ಲ” ಎಂದರು. ಹಾಗಾದರೆ ಅದನ್ನು ಬರೆದುಕೊಡಿ ಎಂದಾಗ, “ನೀವೇನ್ ಡಾಕ್ಟರ್ ಇದ್ದೀರೇನ್ರಿ?” ಎಂದು ಎದ್ದು ನಿಂತರು. ಆಮೇಲೆ ನನ್ನ ತಂಗಿಯ ಕಡೆ ನೋಡಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ಟಿ.ಬಿ. ಪೇಷಂಟ್ ಅದಾರ, ಸ್ವಲ್ಪ ದೂರ ನಿಲ್ರಿ” ಎಂದರು. ಪಕ್ಕದ ಕುರ್ಚಿಯಲ್ಲಿದ್ದ ಹೆಣ್ಣುಮಗಳು ತನ್ನ ಮಗುವನ್ನು ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತಳು. ನನ್ನ ತಂಗಿ ಕುತ್ತಿಗೆಯ ಪಟ್ಟಿಯ ಮೇಲೆ ಸೆರಗು ಎಳೆದುಕೊಂಡು, ಊರು ಮುಟ್ಟುವತನಕ ಒಂದು ಮಾತೂ ಆಡಲಿಲ್ಲ. ಗಡ್ಡೆಯಲ್ಲಷ್ಟೇ ಇರುವ ಕ್ಷಯ ಪಕ್ಕದಲ್ಲಿ ಕೂತವರಿಗೆ ಗಾಳಿಯಿಂದ ಹರಡುವುದಿಲ್ಲವೆಂದು ಆ ಸಿಬ್ಬಂದಿಗೆ ತಿಳಿಯದಿದ್ದರೆ ತಪ್ಪು ನಿಮ್ಮದು. ತಿಳಿದೂ ಹೇಳಿದ್ದರೆ ಅದು ಕ್ರೌರ್ಯ.

ಜೀನ್‌ಎಕ್ಸ್‌ಪರ್ಟ್ ಆಗಿದ್ದರೆ ರೋಗಾಣು ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತಿತ್ತು. ಬಗ್ಗದಿದ್ದರೆ ಚಿಕಿತ್ಸೆಯೇ ಬೇರೆ. ಈಗ ವೈದ್ಯರು ಇನ್ನೊಂದು ಗಡ್ಡೆಯಿಂದ ಮಾದರಿ ತೆಗೆಯಬೇಕು ಎನ್ನುತ್ತಿದ್ದಾರೆ. ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಉಚಿತವಾಗಿ ಆಗುವ ಪರೀಕ್ಷೆಗೆ, ಬೇಗ ಆಗಲೆಂದು ನಿಮಗೆ ಹಣ ಕೊಟ್ಟೆವು. ಅದರಿಂದ ಅವಳ ಕುತ್ತಿಗೆಯನ್ನು ಎರಡನೆಯ ಸಲ ಕೊಯ್ಯಬೇಕಾಗಿ ಬಂದಿದೆ.

ಈ ಪತ್ರ ತಲುಪಿದ 7 ದಿನಗಳೊಳಗೆ ಮಾದರಿ ಹೇಗೆ ಕೆಟ್ಟಿತೆಂಬುದನ್ನು ನಿಮ್ಮ ಪೆಥಾಲಜಿಸ್ಟರ ಸಹಿಯೊಂದಿಗೆ ಲಿಖಿತವಾಗಿ ಕೊಡಬೇಕು. ಬಯಾಪ್ಸಿಯ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಮಾದರಿ) ಮತ್ತು ಸ್ಲೈಡುಗಳನ್ನು ಬೇರೆ ವೈದ್ಯರಿಗೆ ತೋರಿಸಲು ನಮಗೆ ಒಪ್ಪಿಸಬೇಕು. ಮಾಡದ ಪರೀಕ್ಷೆಯ ಹಣ ಮರಳಿಸಿ, ಎರಡನೆಯ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಬೇಕು. ತಂಗಿಯ ಕ್ಷಮೆಯನ್ನು ಆ ಸಿಬ್ಬಂದಿಯೇ ಕೇಳಬೇಕು, ಅದೂ ಅದೇ ಕೌಂಟರಿನ ಮುಂದೆ.

ಇಲ್ಲವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರ ಅಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೂ, ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಫಾರಂ, ರಸೀದಿ, ವರದಿ ಮೂರನ್ನೂ ಲಗತ್ತಿಸಿ ದೂರು ಸಲ್ಲಿಸುತ್ತೇನೆ. ಎಂಟನೆಯ ದಿನ ನಿಮಗೆ ಮತ್ತೆ ಫೋನ್ ಬರುವುದಿಲ್ಲ, ನೋಟಿಸ್ ಬರುತ್ತದೆ.

ಇಂತಿ,
ರೋಗಿಯ ಅಣ್ಣ
ಶಹಾಪುರ, ಯಾದಗಿರಿ ಜಿಲ್ಲೆ