ಕೊಡೆ ಹಿಡಿದ ಅಕ್ಕನಿಗೆ

ಮೊನ್ನೆ ಮಡಿಕೇರಿಯಲ್ಲಿ ಹುಡುಗಿಯರ ಉಮ್ಮತ್ತಾಟ್ ಅಭ್ಯಾಸ; ತಾಳ ಹೊಡೆಯುತ್ತಾ ಕುಣಿಯುವ ಕೊಡವ ಹೆಂಗಸರ ನೃತ್ಯ ಅದು. ಅವರು ಚಪ್ಪರದಡಿ, ನಾನು ಅಂಗಳದಲ್ಲಿ. ದಿಢೀರ್ ಮಳೆ. ಕೊಡಗಿಗೆ ಬಂದು ಕೊಡೆ ಮರೆಯುವವನಿಗೆ ಏನು ಹೇಳೋದು! ನೀವು ನೆನೆಯುತ್ತಾ ನನ್ನ ಕ್ಯಾಮೆರಾ ಮೇಲೆ ಕೊಡೆ ಹಿಡಿದಿರಿ.

ಶಟರ್ ವೇಗ ಸೆಕೆಂಡಿನ 1/500ರಲ್ಲಿತ್ತು, ಫೋಟೋದಲ್ಲಿ ಕೈಗಳೆಲ್ಲ ನಿಶ್ಚಲ. ಕ್ಯಾಮೆರಾ ಪರದೆ ಇಣುಕಿ ನೋಡಿ, "ತಾಳ ಹೊಡೀತಾನೇ ಇಲ್ವಲ್ಲ ಇವ್ರು" ಅಂದಿರಿ. 1/30ಕ್ಕೆ ಇಳಿಸಿದೆ. ಮುಖ ನಿಂತವು, ತಾಳ ಹಿಡಿದ ಕೈಗಳು ಮಸುಕಾದವು. ಈಗ ಫೋಟೋದಲ್ಲಿ ಸದ್ದು ಕೇಳಿಸುತ್ತದೆ, ನಿಜಕ್ಕೂ.

ಆಮೇಲೆ ಸುಮ್ನೆ ಮೂಲೆಯತ್ತ ಕೈ ತೋರಿಸಿದಿರಿ. ಒಬ್ಬಳು ಇನ್ನೊಬ್ಬಳ ಸೀರೆಯ ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸುತ್ತಿದ್ದಳು, ಬಾಯಲ್ಲಿ ಪಿನ್ನು. ಕುಣಿತಕ್ಕಿಂತ ಆ ಫೋಟೋನೇ ನನಗೆ ಜಾಸ್ತಿ ಇಷ್ಟ.

ಹೆಸರು ಕೇಳುವಷ್ಟರಲ್ಲಿ ನಿಮ್ಮ ಬಸ್ ಬಂತು. ತುಂಬಾ ಥ್ಯಾಂಕ್ಸ್ ಅಕ್ಕಾ. ನಿಮಗೆಂದು ಒಂದು ಪ್ರಿಂಟ್ ತೆಗೆದಿಟ್ಟಿದ್ದೇನೆ.