ಉಯಿಲು ಓದಿಕೊಟ್ಟ ಆ ಹಿರಿಯರಿಗೆ

ಮುತ್ತಜ್ಜ 1938ರಲ್ಲಿ ಬರೆಸಿದ ಉಯಿಲು ಹಿಡ್ಕೊಂಡು ತಿಂಗಳುಗಟ್ಟಲೆ ಒದ್ದಾಡ್ತಿದ್ದೆ, ಅಕ್ಷರ ಓದಕ್ಕೆ ಬರ್ತಿತ್ತು ಅರ್ಥ ಆಗ್ತಿರ್ಲಿಲ್ಲ, ಕೊನೆಗೆ ಸಬ್ ರಿಜಿಸ್ಟ್ರಾರ್ ಆಫೀಸ್ ಮುಂದೆ ಕೂರೋ ಪತ್ರ ಬರಹಗಾರರೊಬ್ರು ಪಕ್ಕದಲ್ಲಿ ಕೂರಿಸ್ಕೊಂಡು ಒಂದೊಂದ್ ಸಾಲಿಗೂ ಬೆರಳಿಟ್ಟು ಹೇಳ್ಕೊಟ್ರು. ‘ಬಿನ್’ ಅಂದ್ರೆ ಇಂಥವರ ಮಗ, ‘ಸ್ವಯಾರ್ಜಿತ’ ಅಂದ್ರೆ ತಾನೇ ದುಡಿದು ಮಾಡಿದ್ದು. ‘ಕೋಂ’ ಅಂದ್ರೆ ಕೋಮು, ಜಾತಿ ಅಂದ್ಕೊಂಡಿದ್ದೆ ನಾನು, ಇಂಥವರ ಹೆಂಡತಿ ಅಂತಂತೆ! ಆ ಒಂದು ಪದದಿಂದ ಮುತ್ತಜ್ಜನಿಗೆ ಒಬ್ಬ ತಮ್ಮ ಇದ್ದದ್ದು ಗೊತ್ತಾಯ್ತು, ಆ ತಮ್ಮನ ಹೆಂಡತಿಗೆ ‘ಹಯಾತಿ ಇರುವವರೆಗೆ’, ಅಂದ್ರೆ ಬದುಕಿರೋತನಕ, ಹಿಂದಿನ ಕೋಣೆ ಮತ್ತೆ ವರ್ಷಕ್ಕಿಷ್ಟು ರಾಗಿ ಅಂತ ಬರೆಸಿದ್ರು. ಓದಿ ಕಣ್ಣು ತುಂಬಿ ಬಂತು. ದುಡ್ಡು ಕೊಡಕ್ಕೆ ಹೋದ್ರೆ ಕೈ ಅಡ್ಡ ಹಿಡಿದ್ರು. ಗಡಿಬಿಡೀಲಿ ಹೆಸರೂ ಕೇಳ್ಲಿಲ್ಲ ಸಾರ್, ನಿಮಗೆ ನಮ್ಮನೆಯವರೆಲ್ಲರ ನಮಸ್ಕಾರ.